ಒಂದೇ ಹೊಟ್ಟೆಯ ಇಬ್ಬರು

ಕೆಂಪು ನೀರಿನ ಮೇಲೆ ಎರಡು ಒಣ ಸೋರೆಬುರುಡೆ, ನಡುವೆ ತಂಗಿ ಸುಭದ್ರಾಳ ತಲೆ, ಬಳೆಯ ಕೈ ಏಳುತ್ತದೆ, ಮುಳುಗುತ್ತದೆ, ಬಿಸಿಲಿಗೆ ಮಿಂಚಿ ಮತ್ತೆ ಏಳುತ್ತದೆ — ಆ ಹಸಿರು ಬಳೆ ನನ್ನವು, ನಾಗಣ್ಣನ ಮನೆಯವರು ನಿಶ್ಚಯದ ದಿನ ನನಗೆ ತೊಡಿಸಿದವು, ಗುರುತಿಗೆ ಬೇಕಲ್ಲಕ್ಕಾ, ಇಲ್ಲಾಂದ್ರ ನನ್ನ ಮಾತು ಹೆಂಗ ನಂಬ್ತಾನ ಎಂದು ಕಳಚಿಕೊಂಡಳು, ಬುರುಡೆಗಳನ್ನು ಅವಳ ಎದೆಗೆ ಬಿಗಿಯುವಾಗ ನನ್ನ ಬೆರಳು ನಡುಗಿದವು, ನಕ್ಕಳು, ಈಜಾಕಿ ನಾನು, ನಡಗಾಕಿ ನೀನು, ಚಂದ ಅದ ಬಿಡು. ಭೀಮೆಯ ಈ ದಡ ನಿಜಾಮನದು, ಆ ದಡ ಹಿಂದುಸ್ತಾನ, ರಜಾಕಾರರ ಭಯಕ್ಕೆ ದೋಣಿ ನಿಂತು ತಿಂಗಳಾಯಿತು, ಆಚೆಯ ಹೋರಾಟಗಾರರ ಶಿಬಿರದಿಂದ ನಾಗಣ್ಣ ಚೀಟಿ ಕಳಿಸಿದ್ದು ನನಗೆ, ಅವಳಿಗಲ್ಲ — ನಾಳೆ ನಮ್ಮನ್ನ ಸೋಲಾಪುರಕ್ಕ ಒಯ್ತಾರ, ಬರೋದಿದ್ರ ಇವತ್ತ ಬಾ — ನಾನು ದಿನಚರಿಯ ಹಾಳೆ ಹರಿದು ಬರೆದೆ, ಸ್ವಲ್ಪ ಕಾಯಿರಿ, ಮೇಣದ ಬಟ್ಟೆಯಲ್ಲಿ ಸುತ್ತಿ ಸುಬ್ಬಿಯ ಕೈಗೆ ಕೊಟ್ಟೆ. ಈಜು ನನಗೂ ಬರುತ್ತದೆ, ಒಂದೇ ಬಾವಿಯಲ್ಲಿ ಕಲಿತವರು, ಅವಳು ಕಟ್ಟೆಯಿಂದ ಧುಮುಕುತ್ತಿದ್ದಳು, ನಾನು ಮೆಟ್ಟಿಲು ಎಣಿಸಿ ಇಳಿಯುತ್ತಿದ್ದೆ, ಹೈದರಾಬಾದಿನ ಕಾಲೇಜಿನಲ್ಲಿ ಬಟಾಣಿ ಗಿಡದ ಪಾಠ, ಎತ್ತರದ ತಳಿ, ಗಿಡ್ಡ ತಳಿ, ಅಂದೇ ಬರೆದುಕೊಂಡೆ, ಧೈರ್ಯವೂ ಬೀಜದಲ್ಲೇ ಬರುತ್ತದೆ, ತಂಗಿಗೆ ಅಪ್ಪನದು, ನನಗೆ ತೀರಿಹೋದ ಅವ್ವನದು, ಹಲ್ಲಿ ಬಿದ್ದರೂ ಚೀರುತ್ತಿದ್ದ ಅವ್ವ, ನನ್ನ ತಪ್ಪೇನು, ಎಷ್ಟು ಹಾಯೆನಿಸಿತ್ತು. ಪಕ್ಕದಲ್ಲಿ ಎಲೆ ಅಗಿಯುತ್ತ ಕುಳಿತ ಅಜ್ಜಿಗೆ, ನಮ್ಮ ಆಯಿಗೆ, ಈಗಷ್ಟೇ ಅದನ್ನೇ ಹೇಳಿದೆ, ನಂದು ಅವ್ವನ ರಕ್ತ ಆಯಿ, ಅಂಜುಬುರುಕಿ ರಕ್ತ. ಆಯಿ ಉಗುಳಿದಳು, ನಿಮ್ಮಪ್ಪ ಎಲ್ಲೀ ಧೈರ್ಯಸ್ಥ ಬೇ, ಮೊಣಕಾಲ ನೀರಿಗೇ ದೇವರನ್ನ ನೆನಸಂವ, ಪ್ಲೇಗಿನ ವರ್ಷ ಇದೇ ಹೊಳಿ ದಾಟಿದಾಕಿ ನಿಮ್ಮವ್ವ, ನೀ ಹೊಟ್ಟ್ಯಾಗ ಎಂಟು ತಿಂಗಳ, ಅಂಜಿಕಿಗಿ ಅಳಕೋತ ಅಳಕೋತನ ದಾಟಿದ್ಲು. ಅಳುತ್ತ ದಾಟಿದಳು — ಹಾಗಾದರೆ ನಡುಕ ಅವ್ವನದು, ದಾಟಿದ್ದೂ ಅವ್ವ, ನಾನೂ ಒಳಗಿದ್ದೆ, ಈ ಹೊಳೆಯನ್ನು ಒಮ್ಮೆ ದಾಟಿದ್ದೇನೆ, ಈಗ ತಪ್ಪನ್ನು ಯಾವ ಬೀಜದ ಮೇಲೆ ಹಾಕಲಿ, ಆಯಿ ಅನ್ನುತ್ತಿದ್ದಾಳೆ, ಮನ್ಯಾಗ ಇನ್ನೊಂದು ಜೋಡಿ ಬುರುಡಿ ಅದ, ತರಲೇನವಾ, ಹೊತ್ತಿನ್ನೂ ಅದ, ಹೂಂ ಅನ್ನಬೇಕು, ಹೂಂ ಅನ್ನು, ಆಚೆ ದಡದಲ್ಲಿ ಒಬ್ಬ ಸೊಂಟದುದ್ದ ನೀರಿಗೆ ಇಳಿದ, ಅವನೇ, ಆ ನಡಿಗೆ ಅವನದೇ, ಕೈ ಚಾಚಿದ, ಬಳೆಯ ಕೈಯನ್ನು ಹಿಡಿದ, ದಡಕ್ಕೆ ಎಳೆದ, ಇಬ್ಬರೂ ನಗುತ್ತಿರಬೇಕು, ಚೀಟಿ ಕೊಡು ಸುಬ್ಬಿ, ಚೀಟಿ ಕೊಡು, ಅವಳು ದಡ ಹತ್ತಿ ನಿಂತಾಯಿತು, ಇನ್ನೂ ಹಿಡಿದಿದ್ದಾನೆ, ಮಿಂಚುತ್ತಿದೆ, ಬಳೆಯ ಕೈ, ಇನ್ನೂ ಬಿಟ್ಟಿಲ್ಲ, ಬಳೆಯ ಕೈ —