ನಿಜಗುಣಪ್ಪನ ತಗಡಿನ ಗಿಟಾರು

ಗಿಟಾರಿನ ಎದೆಯ ಮುಚ್ಚಳದ ತಿರುಪು ಬಿಚ್ಚಿ ಎತ್ತಿದ ಕೂಡಲೇ ಬಂದ ವಾಸನೆಗೆ ಬಾಳೇಶ ಎದ್ದು ಹೋಗಿ ಅಂಗಡಿಯ ಹೊರಗೆ ಉಗುಳಿ ಬಂದ. ಹುಳಿತ ತೆಂಗಿನಕಾಯಿ, ಕಮಟು ಎಣ್ಣೆ, ಜಿರಳೆಯ ಹಿಕ್ಕೆ ಎಲ್ಲ ಕೂಡಿದ ವಾಸನೆ. ಬೈಲಹೊಂಗಲದ ಬಜಾರದಲ್ಲಿ ಕುಳಿತು ಇಪ್ಪತ್ತೆಂಟು ವರ್ಷದಿಂದ ಹಾರ್ಮೋನಿಯಂ ಪೇಟಿ, ತಬಲಾ, ತಂಬೂರಿ ರಿಪೇರಿ ಮಾಡಿಕೊಂಡು ಬಂದವನು ಅವನು. ಪೇಟಿಯೊಳಗೆ ಇಲಿ ಮರಿ ಹಾಕಿದ್ದನ್ನೂ ನೋಡಿದ್ದ. ಇಲಿಗೆ ಬುದ್ಧಿ ಇಲ್ಲ ಎಂದು ಬಿಡಬಹುದು. ಇದು ಮನುಷ್ಯರು ಕೈಮುಗಿದು ಮಾಡಿದ ಹೊಲಸು.

ಎದುರಿನ ಸ್ಟೂಲಿನ ಮೇಲೆ ಅನ್ನಪೂರ್ಣಾ ಕುಳಿತಿದ್ದಳು. ಮನೋಳಿಯಲ್ಲಿ ಬಟ್ಟೆ ಹೊಲಿದುಕೊಂಡಿರುವ ಹೆಣ್ಣುಮಗಳು. ಗಿಟಾರನ್ನು ಕೌದಿಯಲ್ಲಿ ಸುತ್ತಿ, ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು.

"ಇದರ ಮ್ಯಾಲೆ ಕಾಯಿ ಒಡದವರು ಯಾರವಾ?" ಬಾಳೇಶ ಕೇಳಿದ.

"ಎರಡು ವರ್ಷ ಗೌರೀಶ ಸಾವಕಾರ್ರ ಮನಿಯಾಗ ಇತ್ತಣ್ಣಾ. ಎರಡು ಖಂಡೇಪೂಜಿ ಅಲ್ಲೇ ಆದವು."

ಅಷ್ಟು ಸಾಕಾಯಿತು. ಖಂಡೇಪೂಜೆಯ ದಿನ ಕುಡುಗೋಲು, ಟ್ರ್ಯಾಕ್ಟರು, ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆ ಆಗುತ್ತದೆ, ವಾದ್ಯಕ್ಕೂ ಆಗುತ್ತದೆ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಈ ಗಿಟಾರಿನ ಮೈ ಹಿತ್ತಾಳೆಯದು, ಎದೆಯ ತುಂಬ ಜಾಲರಿ ಹಾಗೆ ತೂತುಗಳು. ಅದರ ಕೆಳಗೆ ಅಲ್ಯುಮಿನಿಯಂ ಬಟ್ಟಲು, ಕಾಗದಕ್ಕಿಂತ ಸ್ವಲ್ಪ ದಪ್ಪ ಅಷ್ಟೇ. ತಂತಿಯ ಭಾರ ಅದರ ಮೇಲೆ, ದನಿ ಹುಟ್ಟುವುದೂ ಅದರಿಂದಲೇ. ಅದರ ಮೇಲೆ ಕಾಯಿ ನೀರು ಸುರಿದಿದ್ದರು, ಎಣ್ಣೆ ಹಚ್ಚಿದ್ದರು. ಸವದತ್ತಿ ಗುಡ್ಡಕ್ಕೆ ಹೊತ್ತುಕೊಂಡು ಹೋದಾಗ ತೂರಿದ ಭಂಡಾರದ ಅರಿಸಿನ ಪುಡಿ ಒಳಗೆ ಇಳಿದು, ಎಣ್ಣೆಯಲ್ಲಿ ಕಲಸಿ, ಹಳದಿ ಸಗಣಿಯಂತೆ ಕುಂತಿತ್ತು. ಬಟ್ಟಲಿನ ಒಂದು ಬದಿ ಬೆಳ್ಳಗೆ ಪುಡಿ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿದೀತು.

ಗಿಟಾರು ಅನ್ನಪೂರ್ಣಾಳ ತಂದೆ ನಿಜಗುಣಪ್ಪ ನುಡಿಸುತ್ತಿದ್ದದ್ದು. ಹಿಂದೆ ಒಂದು ನಾಟಕ ಕಂಪನಿ ಮುರಿದಾಗ ಮನೋಳಿಯ ಭಜನಾ ಸಂಘದವರು ವಂತಿಗೆ ಎತ್ತಿ ಕೊಂಡುಕೊಂಡಿದ್ದರು. ಅವನು ಅದನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು, ತಂತಿಯ ಮೇಲೆ ಜಾರಿಸಿ ವಚನ ನುಡಿಸುತ್ತಿದ್ದ. ಮಗಳಿಗೂ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಸಂಘದ ಸಾವಕಾರ ಗೌರೀಶ ಅದನ್ನು ತನ್ನ ಮನೆಗೆ ಎತ್ತಿಕೊಂಡು ಹೋದ. ಕಿತ್ತೂರಿನ ಹತ್ತಿರ ಹೆದ್ದಾರಿ ಮಗ್ಗುಲಿಗೆ ಅವನದೊಂದು ಹೋಟೆಲು ಏಳುತ್ತಿತ್ತು. ಗೋಡೆಗೆ ಹಳೆಯ ಬಂಡಿಗಾಲಿ, ಹಳೆಯ ಬೀಸುಕಲ್ಲು ಹಚ್ಚಿದ್ದ. ನಡುವೆ ಈ ಗಿಟಾರು ತೂಗು ಹಾಕಬೇಕೆಂದು ಅವನ ಮನಸ್ಸು. ಅನ್ನಪೂರ್ಣಾ ಸಂಘದ ಹಿರಿಯ ಬೀರಪ್ಪನ ಮುಂದೆ ಹೋಗಿ ತಕರಾರು ತೆಗೆದಳು. ಬೀರಪ್ಪ ಒಂದು ಮಾತು ಹೇಳಿದ: ಶ್ರಾವಣದ ಸೋಮವಾರ ಮುರಗೋಡದ ಮಠದಲ್ಲಿ ಸಂಘದ ಪಾಳಿ ಇದೆ. ಈಗ ರಿಪೇರಿಗೆ ಅವಳು ಒಯ್ಯಲಿ, ಅಲ್ಲಿ ನುಡಿದರೆ ಗಿಟಾರು ಅವಳ ಕಡೆ, ನುಡಿಯದಿದ್ದರೆ ಹೋಟೆಲಿನ ಗೋಡೆಗೆ.

ಸೋಮವಾರಕ್ಕೆ ನಾಲ್ಕು ದಿನ ಇತ್ತು. ಅಂಥ ಬಟ್ಟಲು ಬೈಲಹೊಂಗಲದಲ್ಲಂತೂ ಸಿಗುವುದಿಲ್ಲ, ಬೆಳಗಾವಿಯಲ್ಲೂ ಸಿಕ್ಕೀತೆಂಬ ಭರವಸೆ ಇರಲಿಲ್ಲ. ಬಾಳೇಶ ಒಣ ಬ್ರಷ್ಷಿನಿಂದ, ಅರಳೆಯಿಂದ ಎರಡು ದಿನ ಇದ್ದ ಬಟ್ಟಲಿನ ಹೊಲಸನ್ನೇ ಬಳಿದು ತೆಗೆದ. ಬಳಿಯುತ್ತ ಗೌರೀಶನ ಹಿಂದಿನ ಏಳು ತಲೆಮಾರು ನೆನೆದ. ಗೌರೀಶ ಹಾಕಿಸಿದ್ದ ತಂತಿಗಳನ್ನು ಕತ್ತರಿಸಿ ತೆಗೆದಾಗ ಇನ್ನಷ್ಟು ಸಿಟ್ಟು ಬಂತು. ಒಂದೊಂದೂ ಬೈಕಿನ ಕೇಬಲ್ಲಿನಷ್ಟು ದಪ್ಪ. ದಪ್ಪ ಇದ್ದರೆ ಗಟ್ಟಿ ದನಿ ಬರುತ್ತದೆ ಅಂದುಕೊಂಡಿದ್ದರು. ಮೇಲಾಗಿ ಎಲ್ಲವನ್ನೂ ಬಿಗಿದು ಬಿಗಿದು, ಆ ತೆಳು ಬಟ್ಟಲನ್ನು ಕುಸಿಯುವ ಮಟ್ಟಕ್ಕೆ ತಂದಿದ್ದರು.

ಬಿಗಿದದ್ದು ಯಾಕೆಂದು ಶನಿವಾರ ಗೌರೀಶನೇ ಬಂದು ತಿಳಿಸಿದ. ಸಂಘದವರು ಹಾಡುವುದು ಬಿಳಿ ನಾಲ್ಕಕ್ಕೆ, ಅಂದರೆ ಪೇಟಿಯ ನಾಲ್ಕನೆಯ ಬಿಳಿ ಮನೆ ಅವರ ಸಾ. ಹಿರಿಯರ ಕಾಲದಿಂದ ಅದೇ ಶ್ರುತಿ, ಅದೇ ಪಟ್ಟಿ, ಇಳಿಸುವ ಮಾತೇ ಇಲ್ಲ. ಸಾ ಅನ್ನುವುದು ಎಲ್ಲಕ್ಕೂ ಮೊದಲನೆಯದು, ಆದ್ದರಿಂದ ಅಂಚಿನ ದಪ್ಪ ತಂತಿ ಸಾ ಆಗಲೇಬೇಕು, ಅದರಿಂದ ಮುಂದೆ ಪ, ಸಾ, ಗ, ಪ, ಸಾ. ಅವನ ಲೆಕ್ಕ ಅದು. ಅಷ್ಟು ಮೇಲಕ್ಕೆ ಎಳೆದರೆ ಆರೂ ತಂತಿ ಸೇರಿ ಬಟ್ಟಲನ್ನು ತುಳಿದಂತೆ ಆಗುತ್ತದೆ, ಅಂಚಿನದಕ್ಕೆ ಪ ಇಟ್ಟರೂ ನಡೆಯುತ್ತದೆ ಎಂದು ಬಾಳೇಶ ಹೇಳಿದ.

"ಸಾಲ್ಯಾಗ ಸರಿಗಮಪ ಅಂತ ಕಲಸ್ಯಾರೋ ಇಲ್ಲೋ?" ಗೌರೀಶ ನಕ್ಕ. "ಪಸರಿಗಮ ಅಂತ ಯಾರರ ಹಾಡತಾರೇನು?"

"ಆ ಗ್ವಾಡಿಗಿರೋ ತಂಬೂರಿ ಮೊದಲನೇ ತಂತಿ ಮೀಟ್ರಿ ಸಾವಕಾರ್ರ."

ಗೌರೀಶ ಮೀಟಿದ. ಪ ನುಡಿಯಿತು. ಅವನು ಕೈ ಹಿಂದೆಗೆದುಕೊಂಡು, ತಂಬೂರಿ ಮಾತು ಬೇರೆ, ಅದು ಕಟ್ಟಿಗೆಯದು ಅಂದ. ಬಾಳೇಶನ ಕೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟ.

ದಾರಿ ಅದೇ ತಂಬೂರಿಯಲ್ಲಿತ್ತು. ಅಂಚಿನ ತಂತಿಯನ್ನು ಕೆಳಗಿನ ಪ ಸ್ವರಕ್ಕೆ ಇಳಿಸಿ ಬಿಟ್ಟರೆ, ಅದರ ಪಕ್ಕದ್ದು ತಾನಾಗಿ ಬಿಳಿ ನಾಲ್ಕರ ಸಾ ಸ್ವರಕ್ಕೆ ನಿಲ್ಲುತ್ತದೆ. ಪ, ಸಾ, ಪ, ಸಾ, ಗ, ಪ. ಸಂಘದ ಪಟ್ಟಿ ಒಂದು ಕೂದಲೂ ಇಳಿಯುವುದಿಲ್ಲ, ಬಟ್ಟಲಿನ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಅನ್ನಪೂರ್ಣಾ ಕೇಳಿದ ಕೂಡಲೇ ಹಿಡಿದಳು, ಅಪ್ಪ ಹೀಗೇ ಬಿಗಿಯುತ್ತಿದ್ದ, ಎದೆ ತುಂಬುವ ಆ ಕೆಳಗಿನ ದನಿ ಇದೇ ಅಂದಳು.

ಇನ್ನು ತಂತಿಯ ಆಯ್ಕೆ. ಇಷ್ಟು ಇಳಿಸಿದ ಮೇಲೆ ಪೂರಾ ತೆಳು ತಂತಿ ಹಾಕಿದರೆ ಸಡಿಲಾಗಿ, ಸರಳು ಇಟ್ಟ ಕಡೆಯೆಲ್ಲ ಗೊರಗೊರ ಅನ್ನುತ್ತದೆ. ಹಾಗೆಂದು ದಪ್ಪ ಹಾಕುವಂತಿಲ್ಲ. ಧಾರವಾಡದಿಂದ ತರಿಸಿದ ಮೂರು ಸೆಟ್ಟು ತಂತಿ ಬಿಚ್ಚಿ, ಬೆರಳ ನಡುವೆ ಉಜ್ಜಿ ನೋಡಿ, ಒಂದರಿಂದ ಎರಡು, ಇನ್ನೊಂದರಿಂದ ಮೂರು ಆರಿಸಿದ. ಸರಳು ಹೆಚ್ಚು ಓಡಾಡುವ ಕಡೆಯ ಎರಡು ತಂತಿ ಕೊಂಚ ದಪ್ಪ, ನಡುವಿನದು ಮೇಲೆ ಸಣ್ಣ ಎಳೆ ಸುತ್ತಿರದ ಬರೀ ಉಕ್ಕು. ಅಂಚಿನ ಪ ತಂತಿಗೆ ಮಾತ್ರ ಮೂರನೆಯ ಸೆಟ್ಟಿನಿಂದ ಬೇಕೆಂದೇ ಒಂದು ಅಳತೆ ತೆಳ್ಳಗಿನದು ಹಾಕಿದ. ದನಿ ಸ್ವಲ್ಪ ಸಡಿಲಾಗುತ್ತದೆಂದು ಅವನಿಗೆ ಗೊತ್ತಿತ್ತು. ಅನ್ನಪೂರ್ಣಾ ಯಾಕೆಂದು ಕೇಳಿದಳು.

"ಇವರ ಕೈ ನನಗ ಗೊತ್ತೈತವಾ. ಯಾರರ ಒಬ್ಬಾವ ಇದನ್ನ ತಿರುವೇ ತಿರುವತಾನ. ಹರದರ ತಂತಿ ಹರೀಲಿ, ಬಟ್ಟಲಾ ಕುಸೀಬಾರದು."

ಸೋಮವಾರ ಮುಂಜಾನೆ ಅಂಗಡಿಗೆ ಬೀಗ ಹಾಕಿ ಬಾಳೇಶನೂ ಮುರಗೋಡಕ್ಕೆ ಹೋದ. ಗಿರಾಕಿಯ ಹಿಂದೆ ಹೋಗುವ ಚಟ ಅವನದಲ್ಲ, ಆದರೆ ಮನಸ್ಸು ತಡೆಯಲಿಲ್ಲ. ಮಠದ ಅಂಗಳದಲ್ಲಿ ಬೇರೆ ಊರಿನ ಸಂಘವೊಂದು ಹಾಡುತ್ತಿತ್ತು. ಅನ್ನಪೂರ್ಣಾ ಕೈಕಾಲು ತೊಳೆಯಲು ಹೋಗಿದ್ದಳು. ಬಾಳೇಶ ಚಹಾ ಕುಡಿದು ತಿರುಗುವಷ್ಟರಲ್ಲಿ ಗೌರೀಶ ಗಿಟಾರಿನ ಮುಂದೆ ಕುಳಿತಿದ್ದ. ಮೊಬೈಲು ಎದುರಿಗೆ ಇಟ್ಟುಕೊಂಡು ಅಂಚಿನ ತಂತಿ ಬಿಗಿಯುವ ಕಿವಿ ತಿರುವುತ್ತಿದ್ದ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಮುಳ್ಳು ಇತ್ತು. ಅದು ಈ ತಂತಿಯನ್ನು ಎಲ್ಲಿ ಕೇಳಬೇಕು, ಪಕ್ಕದ ಸಂಘದ ಪೇಟಿಯನ್ನೇ ಕೇಳುತ್ತಿತ್ತು. ಮುಳ್ಳು ಅಲುಗಲಿಲ್ಲ, ಅವನು ತಿರುವುವುದು ನಿಲ್ಲಿಸಲಿಲ್ಲ.

ಬಾಳೇಶ ಓಡುವುದರೊಳಗೆ ತಂತಿ ಹರಿದು ಗೌರೀಶನ ಕೆನ್ನೆಗೆ ಬಾರಿಸಿತು. ಕಣ್ಣಿನ ಕೆಳಗೆ ಕೆಂಪು ಗೀರು ಎದ್ದಿತು. ಬಾಳೇಶ ಅತ್ತ ನೋಡಲಿಲ್ಲ. ಗಿಟಾರು ಎತ್ತಿ ತೂತಿಗೆ ಕಿವಿ ಕೊಟ್ಟು ಉಳಿದ ತಂತಿ ಮೀಟಿದ. ದನಿ ಒಡೆದಿರಲಿಲ್ಲ. ಬಟ್ಟಲು ನಿಂತಿತ್ತು. ಆಗ ಗೌರೀಶನ ಕಡೆ ತಿರುಗಿ, ಮಠದ ಅಂಗಳದಲ್ಲಿ ಆಡಬಾರದ ಮಾತು ಆಡಿದ. ಬೀರಪ್ಪ ಬಂದು ತೋಳು ಹಿಡಿದು ಎಳೆದ. ಅಷ್ಟರಲ್ಲಿ ಮನೋಳಿ ಸಂಘದ ಹೆಸರು ಕೂಗಿದರು.

ಬದಲಿ ತಂತಿ ಕಟ್ಟಿ, ಹಿಗ್ಗಿಸಿ, ನಿಲ್ಲಿಸಲು ಹೊತ್ತಿರಲಿಲ್ಲ. ಬಾಳೇಶ ಮುಖ ಸಣ್ಣ ಮಾಡಿಕೊಂಡು ಅನ್ನಪೂರ್ಣಾಳಿಗೆ ಅಷ್ಟು ಹೇಳಿದ. ಅವಳು ಐದೂ ತಂತಿಯ ಮೇಲೆ ಕೈ ಆಡಿಸಿದಳು.

"ಐದರಾಗ ಸಾನೂ ಐತಿ, ಪಾನೂ ಐತಿ. ಸಾಕಣ್ಣಾ."

ಅವಳು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಬೀರಪ್ಪ ವಚನ ಎತ್ತಿದ. ಅವನ ದನಿ ಎಲ್ಲಿ ತಿರುಗಿತೋ ಸರಳು ಅಲ್ಲಿ ತಿರುಗಿತು, ಎಲ್ಲಿ ನಿಂತಿತೋ ಅಲ್ಲಿ ಒಂದು ಕ್ಷಣ ನಡುಗಿ ನಿಂತಿತು. ತಗಡಿನ ಮೈಯಿಂದ ಬಂದ ದನಿ, ಮೂಗಿನಲ್ಲಿ ಅತ್ತಂತೆ ತೆಳ್ಳಗೆ, ಪೇಟಿಯನ್ನು ದಾಟಿಕೊಂಡು ಅಂಗಳದ ಆಚೆ ಹೋಯಿತು. ಕಾಯಿ ಮಾರುವವರೂ ಇತ್ತ ತಿರುಗಿದರು. ಬಾಳೇಶ ಕಂಬಕ್ಕೆ ಆತುಕೊಂಡು ಕೇಳಿದ. ಎಲ್ಲಿಯಾದರೂ ಗೊರಗೊರ ಬರುತ್ತದೆಯೇ ಎಂದೇ ಕೇಳಿದ. ಬರಲಿಲ್ಲ.

ಮುಗಿದ ಮೇಲೆ ಬೀರಪ್ಪ ಎಲ್ಲರ ಎದುರಿಗೆ, ನಿಜಗುಣಪ್ಪನ ಗಿಟಾರು ಅವನ ಮಗಳ ಕಡೆಯೇ ಇರಲಿ ಅಂದ. ಗೌರೀಶ ಕೆನ್ನೆಯ ಗೀರಿಗೆ ವಿಭೂತಿ ಒತ್ತಿಕೊಂಡು, ಸುತ್ತ ನಿಂತವರಿಗೆ ಹೇಳುತ್ತಿದ್ದ: ಅಂಚಿನ ಪ ಹೋಗಿ ಸಾ ಮೊದಲಿಗೆ ಬಂತು, ಅದಕ್ಕೇ ನುಡಿಯಿತು, ತಾನು ಮೊದಲಿನಿಂದ ಹೇಳಿದ್ದು ಅದನ್ನೇ. ನಾಲ್ಕು ಜನ ಹೌದು ಹೌದು ಅಂದು ತಲೆ ಆಡಿಸಿದರು. ಇಂಥವರನ್ನು ಬಿಚ್ಚಿ, ಬ್ರಷ್ಷು ಹಾಕಿ ಬಳಿಯಲು ಬರುವಂತಿದ್ದರೆ ಬಾಳೇಶ ಬಳಿಯುತ್ತಿದ್ದ. ಹರಿದ ತಂತಿಯ ಚೂರನ್ನು ಕಿಸೆಗೆ ಹಾಕಿಕೊಂಡು ಅಲ್ಲಿಂದ ಸರಿದ.

ಗೌರೀಶ ಹೋಟೆಲಿನಲ್ಲಿ ಹಚ್ಚಲು ಒಂದು ಫೋಟೋ ಆದರೂ ಆಗಲೆಂದು ಗಿಟಾರಿನ ಕುತ್ತಿಗೆಗೆ ಕೈ ಹಾಕಿದ. ಅನ್ನಪೂರ್ಣಾ ತೊಡೆಯಿಂದ ಅದನ್ನು ಇಳಿಸಲಿಲ್ಲ.

"ಕೈ ತಗೀರಿ ಸಾವಕಾರ್ರ," ಅಂದಳು, ದನಿ ಏರಿಸದೆ. "ಇನ್ನ ಮ್ಯಾಲೆ ಇದನ್ನ ನಾ ಮುಟ್ಟತೇನಿ, ಬಾಳೇಶಣ್ಣ ಮುಟ್ಟತಾನ. ಅಷ್ಟ."

ಗೌರೀಶ ಕೈ ತೆಗೆದ.