ಬೇರೆ ಮಾತು ಕೊಟ್ಟಿದ್ದಾರಾ?

ಅಮೆರಿಕದ ಕೆಂಟಕಿಯ ಬೆಟ್ಟಗಳ ನಡುವಿನ ಆ ಊರಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಲು ನಿಂತವನಿಗೆ ಜಡ್ಜರು ಕಡೆಗೊಂದು ಪ್ರಶ್ನೆ ಕೇಳುತ್ತಾರೆ: "ಇಲ್ಲಿ ಹೇಳಿದ್ದು ಬಿಟ್ಟು ನಿನಗೆ ಯಾರಾದ್ರೂ ಬೇರೆ ಮಾತು ಕೊಟ್ಟಿದ್ದಾರಾ?" ಅದಕ್ಕೆ "ಇಲ್ಲ ಸ್ವಾಮಿ" ಅನ್ನಬೇಕು. ಚರ್ಚಿನಲ್ಲಿ ಆಮೆನ್ ಅಂದಷ್ಟೇ ಸಲೀಸಾಗಿ ಎಲ್ಲರೂ ಅನ್ನುತ್ತಾರೆ. ವಕೀಲರು ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ವರ್ಲೀನಳ ತಮ್ಮ ಡೆನ್ಜಿಲ್ ಕೂಡ ಅಂದ, ಅಂದು ಕೆಟ್ಟ.

ಗಾಡಿಯಲ್ಲಿ ಸಿಕ್ಕ ಅಮಲಿನ ಮಾತ್ರೆಗಳು ಅವನವೇ. ಅದನ್ನು ವರ್ಲೀನ್ ಎಂದೂ ಅಲ್ಲಗಳೆದವಳಲ್ಲ. ಆದರೆ ಪೊಲೀಸರು ವಾರಂಟ್ ಇಲ್ಲದೆ, ಒಂದು ಮಾತೂ ಕೇಳದೆ ಅವನ ಗಾಡಿಯ ಪೆಟ್ಟಿಗೆ ಒಡೆದಿದ್ದರು. ಅದು ಸರಿಯೆಂದು ಜಡ್ಜರು ತೀರ್ಪು ಕೊಟ್ಟಾಗ ಅವನ ವಕೀಲ ಸ್ಟಿಡಮ್ ಒಂದು ದಾರಿ ಹೇಳಿದ: ತಪ್ಪೊಪ್ಪಿಕೋ, ಆದರೆ ಆ ತೀರ್ಪಿನ ಮೇಲೆ ಅಪೀಲು ಹೋಗುವ ಹಕ್ಕು ಉಳಿಸಿಕೊಂಡು ಒಪ್ಪಿಕೋ, ಗೆದ್ದರೆ ಒಪ್ಪಿಗೆಯೇ ರದ್ದು. ಸರ್ಕಾರಿ ವಕೀಲ ಕಾಂಬ್ಸ್ ಕೋರ್ಟಿನ ಪಡಸಾಲೆಯಲ್ಲಿ ನಿಂತು ಆಗಲಿ ಎಂದ. ಬರೆದುಕೊಂಡವರು ಯಾರೂ ಇಲ್ಲ.

ಅಪೀಲು ಕೋರ್ಟು ಕಡತ ನೋಡಿ, ಇಂಥ ಷರತ್ತು ಎಲ್ಲೂ ಇಲ್ಲ, ಬೇರೆ ಮಾತಿಲ್ಲವೆಂದು ಇವನೇ ಹೇಳಿದ್ದಾನೆ ಎಂದು ಬಾಗಿಲು ಹಾಕಿತು. ಕೊಟ್ಟ ಮಾತು ನಡೆಸಿಕೊಡಿ ಎಂಬ ಅರ್ಜಿಯ ವಿಚಾರಣೆ ಈವತ್ತು.

"ಯಾಕ್ರೀ ಬರೆಸ್ಕೊಳ್ಳಲಿಲ್ಲ?" ಮೆಟ್ಟಿಲ ಮೇಲೆ ವರ್ಲೀನ್ ಸ್ಟಿಡಮ್‌ನನ್ನು ಅಡ್ಡಗಟ್ಟಿದಳು.

"ಕಾಂಬ್ಸ್ ಮಾತಿಗೆ ತಪ್ಪೋನಲ್ಲ ಕಣಮ್ಮ. ಮೀನು ಹಿಡಿಯೋಕೆ ಜೊತೆಗೇ ಹೋಗ್ತೀವಿ."

"ಹಾಗಾದ್ರೆ ನನ್ನ ತಮ್ಮನ್ನೇ ಗಾಳಕ್ಕೆ ಸಿಕ್ಕಿಸಿದ್ರಾ?"

ಸ್ಟಿಡಮ್ ಟೈ ಸರಿಮಾಡಿಕೊಂಡು ಒಳಗೆ ಹೋದ. ಆದರೂ ಅವನು ಸಾಕ್ಷಿಕಟ್ಟೆ ಹತ್ತಿ ನಿಜವನ್ನೇ ಹೇಳಿದ. ಅಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು.

"ಇಲ್ಲ ಅನ್ನು ಅಂತ ಹೇಳಿಕೊಟ್ಟೋನು ನಾನೇ. ಹೌದು ಅಂದ್ರೆ ತಾವು ಅಲ್ಲಿಗೇ ನಿಲ್ಲಿಸಿ ವಾಪಸ್ ಕಳಿಸ್ತೀರಿ. ಎಲ್ಲರಿಗೂ ಹಾಗೇ ಹೇಳಿಕೊಡ್ತೀವಿ ಸ್ವಾಮಿ."

ಎಲ್ಲರಿಗೂ ಗೊತ್ತಿದ್ದದ್ದನ್ನು ಒಬ್ಬ ಬಾಯಿಬಿಟ್ಟಿದ್ದ. ಕಾಂಬ್ಸ್ ಎದ್ದು, "ನನಗೆ ಅಂಥದ್ದೇನೂ ನೆನಪಿಲ್ಲ" ಎಂದ. ಹಾಗೆ ಹೇಳುವಾಗ ಆ ಪುಣ್ಯಾತ್ಮನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ವರ್ಲೀನಳ ಮೈಯೆಲ್ಲ ಉರಿದುಹೋಯಿತು.

ಜಡ್ಜರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕಡತದಲ್ಲಿಲ್ಲದ ಮಾತನ್ನು ನಡೆಸಿಕೊಡಿ ಎಂದು ಸರ್ಕಾರಕ್ಕೆ ಹೇಳಲು ಬರುವುದಿಲ್ಲ. ಬೇಕಾದರೆ ತಪ್ಪೊಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಕೇಸು ಮೊದಲಿನಿಂದ ನಡೆಯುತ್ತದೆ, ಸೋತರೆ ಹತ್ತು ವರ್ಷದವರೆಗೂ ಜೈಲು. ಬೇಡವೆಂದರೆ ಇನ್ನೆಂಟು ತಿಂಗಳು ಜೈಲಿನಲ್ಲಿ ಕಳೆದು ಮನೆಗೆ ಹೋಗಬಹುದು. ನಿನ್ನಿಷ್ಟ, ಎಂದರು. ಕುತ್ತಿಗೆಗೆ ಕತ್ತಿ ಇಟ್ಟು ನಿನ್ನಿಷ್ಟ ಎನ್ನುವುದೂ ನ್ಯಾಯವಂತೆ.

ಕೈಕೋಳದ ಡೆನ್ಜಿಲ್ ಕಟಕಟೆಯಿಂದ ಹಿಂದಕ್ಕೆ ತಿರುಗಿದ. ಕಣ್ಣು ಕೆಂಪಾಗಿತ್ತು. "ಮೊದಲಿಂದ ನಡೀಲಿ ಅಕ್ಕ. ಇವರು ಮಾಡಿದ್ದು ತಪ್ಪು ಅಂತ ಯಾರಾದ್ರೂ ಒಬ್ಬರು ಹೇಳಬೇಕು."

ವರ್ಷವಿಡೀ ಅವನಿಗೆ ಹಾಗೆ ಹೇಳಿ ಹೇಳಿ ಹುರಿದುಂಬಿಸಿದವಳು ಅವಳೇ. ಬಿಡಬೇಡ, ನ್ಯಾಯ ನಿನ್ನ ಕಡೆಗಿದೆ ಎಂದು ಜೈಲಿನ ಗಾಜಿನಾಚೆಯಿಂದ ಫೋನಿನಲ್ಲಿ ಕೂಗಾಡಿದವಳು. ಈಗ ಹತ್ತು ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಲೆಕ್ಕ ಹಾಕಿದಳು. ಅವನ ಮಗಳಿಗಿನ್ನೂ ಆರು ತುಂಬಿಲ್ಲ.

"ಬೇಡ ಕಣೋ," ಎಂದಳು. ತನ್ನ ದನಿ ತನಗೇ ಅಸಹ್ಯವಾಯಿತು. "ಅವರು ಹೇಳಿದ್ದಕ್ಕೆಲ್ಲ ಹೂಂ ಅಂದ್ಬಿಡು. ಮನೆಗೆ ಬಾ."

ಡೆನ್ಜಿಲ್ ಅವಳನ್ನೇ ದಿಟ್ಟಿಸಿದ. ಕಾಂಬ್ಸ್‌ನನ್ನೂ ಅವನು ಹಾಗೆ ನೋಡಿರಲಿಲ್ಲ. ಆಮೇಲೆ ಜಡ್ಜರ ಕಡೆ ತಿರುಗಿ ಎಂಟು ತಿಂಗಳಿಗೇ ಒಪ್ಪಿಕೊಂಡ.