ಹದಿಮೂರನೆಯ ಸೋಪು

ತೂಕದ ವಿಷಯದಲ್ಲಿ ಪೊಕುವಾ ಅವರದು ನಿರ್ದಾಕ್ಷಿಣ್ಯ. ತಾಳೆಬೀಜದ ಎಣ್ಣೆ, ಕಾಸ್ಟಿಕ್ ಸೋಡ, ನೀರು, ಕೊನೆಗೆ ಮನೆಯ ಸಾರಿಗೆ ಹಾಕುವ ಉಪ್ಪು ಕೂಡ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಅವರ ಕೈ ದಾಟುತ್ತಿರಲಿಲ್ಲ. ಆದರೆ ಹನ್ನೆರಡು ಸೋಪು ಎಣಿಸಿಕೊಟ್ಟು ಹದಿಮೂರನೆಯದನ್ನು ಕೊಸರಾಗಿ ಇಡುವಾಗ ಮಾತ್ರ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಬಿಡುತ್ತಿದ್ದರು. ಕೊಸರನ್ನು ನೋಡಿ ಕೊಡಬಾರದೆಂದು, ಕುಮಾಸಿಯ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಟೊಮೇಟೊ ಮಾರಿದ ಅವರ ತಾಯಿ ಹೇಳಿಕೊಟ್ಟಿದ್ದರು.

ಇಪ್ಪತ್ತೆರಡು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವರು ಪೊಕುವಾ. ಅಲ್ಲಿಂದ ತಂದದ್ದು ಎರಡು: ಎಡತೋಳಿಗೆ ಆಮ್ಲ ಬಿದ್ದು ಮೂರು ತೂತಾದ ನೀಲಿ ಕೋಟು, ಮತ್ತು ತುಂಬಿದ ಗಾಜಿನ ಪಾತ್ರೆ ಹಿಡಿದವರ ನಡಿಗೆ. ಬರಿಗೈಯಲ್ಲಿದ್ದರೂ ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಏನೋ ತುಳುಕೀತೆಂಬಂತೆ ಹೆಜ್ಜೆಯಿಡುತ್ತಿದ್ದರು. ಯಾರು ಏನು ಕೇಳಿದರೂ ಉತ್ತರ ಶುರುವಾಗುತ್ತಿದ್ದದ್ದು "ಅಂದಾಜು ಬೇಡ" ಎಂದೇ.

ಸೋಪಿನ ಕಾರ್ಖಾನೆಗೆ ಅವರು ಯಾರ ಸಾಲವನ್ನೂ ಕೇಳಲಿಲ್ಲ. ನಮ್ಮ ಕಡೆಯ ಹೆಂಗಸರ ಉಳಿತಾಯವೆಲ್ಲ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಚ್ಚಿನ ಬಟ್ಟೆಗಳಲ್ಲಿ ತಾನೆ ಇರುವುದು! ಒಂದು ಬಟ್ಟೆ ಮಾರಿದ್ದು ಕಡಾಯಿಯಾಯಿತು, ಒಂದು ಅಚ್ಚುಗಳಾಯಿತು, ಎರಡು ಶೆಡ್ಡಿನ ಮುಂಗಡಕ್ಕೆ ಹೋದವು. ಐದನೆಯದು ಯಾವುದಕ್ಕೆ ಹೋಯಿತೆಂದು ಅವರಿಗೇ ತಿಳಿಯಲಿಲ್ಲ; ಎಣ್ಣೆಯಲ್ಲಿ ಕರಗಿತ್ತು. ಉಳಿದದ್ದು ತಾಯಿಯ ನೀಲಿ-ಬಿಳಿ ಬಟ್ಟೆಯೊಂದೇ.

ಎಂಟು ತಿಂಗಳಲ್ಲಿ ಒಂದು ಸೋಪೂ ಮಾರಾಟವಾಗದೆ ಉಳಿದದ್ದಿಲ್ಲ, ಮುಂದಿನ ಎಣ್ಣೆಗೆ ಕೈಯಲ್ಲಿ ಕಾಸು ಉಳಿದದ್ದೂ ಇಲ್ಲ. ಎಣ್ಣೆ ವ್ಯಾಪಾರಿಯ ಮೇಲೆ ಅನುಮಾನಪಟ್ಟು ಡಬ್ಬಗಳನ್ನು ಮತ್ತೆ ತೂಗಿದರು, ತೂಕ ಸರಿಯಿತ್ತು. ಅಚ್ಚುಗಳನ್ನು ಅಳೆದರು, ಅವೂ ಸರಿಯಿದ್ದವು.

"ಊರೆಲ್ಲ ನಿನ್ ಸೋಪಲ್ಲೇ ಸ್ನಾನ ಮಾಡ್ತಿದೆ ಅಕ್ಕಾ, ತೊಳೆದುಹೋಗಿರೋದು ಮಾತ್ರ ನಿನ್ ಪೆಟ್ಟಿಗೆ!" ಎಂದಳು ತಂಗಿ ತಚಿವಾ, ಅಕ್ಕನ ಊಟಕ್ಕೆಂದು ಕೆಂಕೆ ಎಂಬ ಮೆಕ್ಕೆಜೋಳದ ಮುದ್ದೆಯನ್ನೂ ಮೀನನ್ನೂ ಹೊತ್ತು ಬಂದವಳು. "ಅಮ್ಮನ ಬಟ್ಟೆಗೂ ಕೈ ಹಾಕ್ತೀಯಾ?"

"ಗುರುವಾರ ಎಣ್ಣೆ ತರಬೇಕು. ದುಡ್ಡಾಗದಿದ್ರೆ ಅದೂ ಹೋಗುತ್ತೆ."

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. ಪೊಕುವಾ ಹನ್ನೆರಡು ಎಣಿಸಿ, ಬೀದಿಯ ಕಡೆಗೆ ತಿರುಗಿ, ಇನ್ನೊಂದು ಇಟ್ಟು ಕಳಿಸಿದರು.

"ಆ ಕೊನೇದಕ್ಕೆ ಎಷ್ಟು ಎಣ್ಣೆ ಹೋಗಿದೆ?" ಎಂದಳು ತಚಿವಾ.

"ಅದು ಕೊಸರು ಕಣೇ."

"ಕೊಸರೇನು ಆಕಾಶದಿಂದ ಉದುರುತ್ತಾ?"

ಪೊಕುವಾ ಊಟ ಬಿಟ್ಟು ಎದ್ದು, ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನೂರು ಪೆಸೆವಾಗೆ ಒಂದು ಸೆಡಿ. ಒಂದು ಸೋಪಿಗೆ ಖರ್ಚು ಒಂಬತ್ತು ಸೆಡಿ ಇಪ್ಪತ್ತು ಪೆಸೆವಾ, ಬೆಲೆ ಹತ್ತು ಸೆಡಿ. ಹನ್ನೆರಡಕ್ಕೆ ಲಾಭ ಒಂಬತ್ತು ಸೆಡಿ ಅರವತ್ತು. ಅದರಲ್ಲಿ ಹದಿಮೂರನೆಯದು ಒಂಬತ್ತು ಸೆಡಿ ಇಪ್ಪತ್ತನ್ನು ನುಂಗಿದರೆ ಉಳಿಯುವುದು ನಲವತ್ತು ಪೆಸೆವಾ. ಎಲ್ಲವನ್ನೂ ತೂಗಿದ್ದ ಕಣ್ಣು ಇದೊಂದನ್ನು ಕಂಡೇ ಇರಲಿಲ್ಲ, ಏಕೆಂದರೆ ಪ್ರತಿ ಸಲವೂ ಅದು ಬೀದಿಯನ್ನು ನೋಡುತ್ತಿತ್ತು.

ಗುರುವಾರ ಬೆಳಿಗ್ಗೆ ಸಗಟು ವ್ಯಾಪಾರಿ ಫ್ರೇಮಾ ಬಂದಳು. ಬೆಲೆ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ಹನ್ನೊಂದಾ? ಚಿನ್ನದ ಪುಡಿ ಬೆರೆಸಿದ್ದೀಯಾ ಪೊಕುವಕ್ಕಾ?"

"ಇಲ್ಲಮ್ಮ. ಇಷ್ಟು ದಿನ ನನ್ ಪೆಟ್ಟಿಗೆಯ ಬಟ್ಟೆ ಬೆರೆಸ್ತಿದ್ದೆ. ಮುಗೀತು."

"ಕೊಸರು?"

"ಅದು ಇದ್ದೇ ಇರುತ್ತೆ."

ಫ್ರೇಮಾ ಸೋಪೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಮೂಸಿದಳು. ಪೊಕುವಾ ಅವರ ಮೊಣಕೈಗಳು ಮೈಗೆ ಇನ್ನಷ್ಟು ಅಂಟಿದವು.

"ಬೇರೆಯವರ ಸೋಪು ಮೂರು ದಿನಕ್ಕೆ ಕರಗುತ್ತೆ. ನಿಂದು ಕರಗಲ್ಲ, ನೀನೇ ಕರಗ್ತಾ ಇದ್ದೆ. ಹಾಕು, ಹತ್ತು ಡಜನ್!"

ಎಣ್ಣೆಗೆ ಅಷ್ಟು ಸಾಕಾಗಿತ್ತು. ಪೊಕುವಾ ಪ್ರತಿ ಡಜನ್ನಿನ ಮೇಲೂ ಹದಿಮೂರನೆಯದನ್ನು ಇಟ್ಟರು. ಈ ಸಲ ಬೀದಿಯ ಕಡೆಗೆ ತಿರುಗಲಿಲ್ಲ.

"ಈಗ ಡಜನ್ನಿಗೆ ಹತ್ತು ಸೆಡಿಯಾದ್ರೂ ಉಳಿಯುತ್ತಾ?" ಎಂದು ಸಂಜೆ ತಂಗಿ ಕೇಳಿದಳು.

"ಅಂದಾಜು ಬೇಡ. ಹನ್ನೆರಡು ನಲವತ್ತು," ಎಂದವರು, ಎಷ್ಟೋ ತಿಂಗಳ ಮೇಲೆ, ಕೋಟಿನ ಗುಂಡಿ ಬಿಚ್ಚಿ ಹಾಯಾಗಿ ನಕ್ಕರು. ಆ ಭಾನುವಾರ ತಾಯಿಯ ನೀಲಿ-ಬಿಳಿ ಬಟ್ಟೆಯುಟ್ಟು, ಕೈ ಬೀಸಿಕೊಂಡು ಚರ್ಚಿಗೆ ಹೋದರು.

ಸ್ವಂತ ಗಂಟನ್ನೇ ಬಿಚ್ಚಿ ಕಡಾಯಿ ಏರಿಸುವ ಇಂಥವರು ಕಳ್ಳತನದಿಂದ, ಮೋಸದಿಂದ ಮುಳುಗುವುದು ಅಪರೂಪ. ಅವರನ್ನು ಸವೆಸುವುದು ತಮ್ಮದೇ ಒಳ್ಳೆಯತನ. ಅದನ್ನು ಲೆಕ್ಕಕ್ಕೆ ತರಲು ಅವರಿಗೆ ನಾಚಿಕೆ. ಕೊಡುವುದನ್ನು ಕಣ್ಣುಬಿಟ್ಟು ನೋಡಲು ಕಲಿತ ದಿನದಿಂದ, ನಾಳೆಯೂ ಕೊಡುವಷ್ಟು ಅವರಲ್ಲಿ ಉಳಿದಿರುತ್ತದೆ.